ಅಪ್ಪನ ಯೆಜ್ಡಿಯನ್ನು ಎತ್ತರಿಸಲು ಹೋಗಿ

ಯಲಬುರ್ಗಾ ಸುತ್ತಿನ ಎರೆ ನೆಲದ ಮೇಲೆ ಡಾಂಬರು ರಸ್ತೆ ಬಹಳ ದಿನ ಸಪಾಟಾಗಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಏರಿ ಇಳಿದು ಕೊನೆಗೆ ಉದ್ದುದ್ದ ಅಲೆಗಳಾಗಿ ಉಳಿಯುತ್ತದೆ. ಅಂಥ ರಸ್ತೆಯಲ್ಲಿ ಗಾಡಿ ಧಡಲ್ ಎನ್ನುವುದಿಲ್ಲ, ತೂಗುತ್ತದೆ. ಕುಷ್ಟಗಿ ಕಡೆ ಹೊರಟರೆ ಮಸಾರಿ ನೆಲ ಶುರುವಾಗುತ್ತದೆ. ಅಲ್ಲಿನ ಒಳರಸ್ತೆಗಳಲ್ಲಿ ಗರಸು ಎದ್ದು ಸಣ್ಣ ಸಣ್ಣ ಏಣುಗಳು, ಹಲ್ಲು ಕಟಕಟ ಅನ್ನುವಂಥವು. ಗಂಗಾವತಿ, ಕಾರಟಗಿ ಕಡೆಯದು ಇನ್ನೊಂದು ನಮೂನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಭತ್ತದ ಸೀಮೆ ಅದು. ಗದ್ದೆ ರಾಡಿ ಮಾಡುವ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿ ಬಿಚ್ಚದೆ ರಸ್ತೆಗೆ ಬಂದರೆ ಡಾಂಬರಿನ ಮೇಲೆ ಸಾಲುಸಾಲು ಗೀರು ಬೀಳುತ್ತವೆ. ಸುಗ್ಗಿ ಬಂತೆಂದರೆ ಭತ್ತದ ಟ್ರಾಲಿಗಳ ಭಾರಕ್ಕೆ ರಸ್ತೆಯ ಅಂಚು ಕುಸಿದು ತೆಗ್ಗು ಬೀಳುತ್ತವೆ. ಒಂದೇ ಜಿಲ್ಲೆಯೊಳಗೆ ಹೀಗೆ ಮೂರು ಬಗೆಯ ರಸ್ತೆ. ಮೂರನ್ನೂ ಒಂದೇ ಗಾಡಿಯ ಮೇಲೆ ತಿರುಗಿದವರು ನಮ್ಮಪ್ಪ.

ಅಪ್ಪ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಊರೂರು ತಿರುಗಿ ಭತ್ತದ ಬಾಕಿ ವಸೂಲಿ ಮಾಡುವುದೂ ಅವರ ಪಾಲಿಗೇ ಬರುತ್ತಿತ್ತು. ಆ ಕೆಲಸಕ್ಕೆಂದು ಎರಡನೇ ಕೈಯಲ್ಲಿ ಕೊಂಡದ್ದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಆ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯ ಮೇಲೆ ಶುರುವಾಯಿತು, 1973ರಿಂದ ಯೆಜ್ಡಿ ಅನ್ನುವ ತನ್ನದೇ ಹೆಸರಿನಲ್ಲಿ ಗಾಡಿ ಮಾಡಿತು, 1978ರಲ್ಲಿ ರೋಡ್‌ಕಿಂಗ್ ತಂದಿತು, 1996ರಲ್ಲಿ ಬಾಗಿಲು ಮುಚ್ಚಿತು. ಕರ್ನಾಟಕದ ಕಾರ್ಮಿಕರ ಕೈಯಲ್ಲಿ ತಯಾರಾದ ಗಾಡಿ ಎಂದು ಅಪ್ಪನಿಗೆ ಅದರ ಮೇಲೆ ಒಂದು ಬಗೆಯ ಅಭಿಮಾನವಿತ್ತು. ಕಿಕ್ ಹೊಡೆದ ಅದೇ ಲಿವರನ್ನು ಮುಂದಕ್ಕೆ ಮಡಚಿ ಗೇರ್ ಹಾಕುವ ಆ ಗಾಡಿಯ ವರಸೆಯನ್ನು ನಾನು ಕಲಿತದ್ದು ಅವರ ಮುಂದೆ, ಟ್ಯಾಂಕಿನ ಮೇಲೆ ಕೂತು.

ಅಪ್ಪ ತೀರಿಕೊಂಡ ಮೇಲೆ ಗಾಡಿ ನನಗೆ ಬಂತು. ಆಗ ನಾನು ಯಲಬುರ್ಗಾದಿಂದ ಕುಷ್ಟಗಿ ತಾಲೂಕಿನ ಪದವಿಪೂರ್ವ ಕಾಲೇಜಿಗೆ ದಿನಾ ಹೋಗಿಬರುತ್ತಿದ್ದೆ. ಪಾಠ ಮಾಡುವುದು ಭೌತಶಾಸ್ತ್ರ. ಸ್ಪ್ರಿಂಗು, ಆಂದೋಲನ, ಘರ್ಷಣೆ ಎಲ್ಲ ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುವವನು. ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಏಕೆಂದರೆ ಮುಂದೆ ನಡೆದದ್ದು ಗೊತ್ತಿಲ್ಲದವನು ಮಾಡಿದ ತಪ್ಪಲ್ಲ.

ಗಾಡಿಯ ತೊಂದರೆ ಇಷ್ಟು: ಅಲೆ ಅಲೆ ರಸ್ತೆಯಲ್ಲಿ ಹಿಂಭಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರಿದಂತಾಗುತ್ತಿತ್ತು. ತೆಗ್ಗಿಗೆ ಬಿದ್ದರೆ ಮುಂದುಗಡೆ ಖಟ್ ಎಂಬ ಸದ್ದು. ತಿರುವಿನಲ್ಲಿ ಗಾಡಿ ನಾನು ಹೇಳಿದ ಕಡೆ ಹೋಗಲು ಒಂದು ಗಳಿಗೆ ಯೋಚಿಸಿದಂತೆ ಮಾಡುತ್ತಿತ್ತು. ಅದಕ್ಕೆ ನಾನು ಕೊಟ್ಟುಕೊಂಡ ಕಾರಣ, ಶಾಕ್ ಅಬ್ಸಾರ್ಬರ್ ಮೆತ್ತಗಾಗಿವೆ, ಗಾಡಿ ಹಳೆಯದು, ಸ್ಪ್ರಿಂಗು ಸೋತಿವೆ ಎಂದು. ಕಾರಣ ಹುಡುಕುವ ಮೊದಲೇ ಮದ್ದು ಮನಸ್ಸಿನಲ್ಲಿತ್ತು. ಕಾಲೇಜಿನ ಹುಡುಗರು ಹೊಸ ಗಾಡಿಗಳಲ್ಲಿ, ಹಿಂದೆ ಒಂದೇ ದಪ್ಪ ಸ್ಪ್ರಿಂಗಿನ ಮೇಲೆ ಬೆನ್ನು ಎತ್ತಿಕೊಂಡು, ನನ್ನನ್ನು ದಾಟಿ ಹೋಗುವುದನ್ನು ನೋಡಿದ್ದೆ. ಅಪ್ಪನ ಗಾಡಿ ಹಾಗೆ ನಿಲ್ಲಬೇಕು ಎನ್ನುವ ಆಸೆ ನನ್ನಲ್ಲಿ ಹುಟ್ಟಿತ್ತು. ಅದರ ಜೊತೆಗೆ ಇನ್ನೊಂದು ಆಸೆಯೂ ಇತ್ತು. ಊರಲ್ಲಿ ಯಾರೇ ನೋಡಿದರೂ ಅದು ನಿಮ್ಮಪ್ಪನ ಗಾಡಿ ಅನ್ನುತ್ತಿದ್ದರು. ನಾನು ಏನಾದರೂ ಮಾಡಿದರೆ ಅದು ನನ್ನದಾಗುತ್ತದೆ ಎಂದು ಒಳಗೊಳಗೇ ಅನಿಸುತ್ತಿತ್ತು.

ಕೊಪ್ಪಳದಲ್ಲಿ ಅಪ್ಪನ ಕಾಲದಿಂದ ಈ ಗಾಡಿಯ ಕೆಲಸ ಮಾಡುತ್ತಿದ್ದ ಮಿಸ್ತ್ರಿ ಇದ್ದಾರೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ, ನಾನೂ ಹಾಗೇ. ಮೊದಲು ಅವರ ಹತ್ತಿರವೇ ಹೋದೆ. "ಚಾಚಾ, ಹಿಂದಿನ ಎರಡೂ ಶಾಕಪ್ಸರ್ ಬದಲಿ ಮಾಡೋಣ, ಗ್ಯಾಸಿನವು ಹಾಕೋಣ" ಅಂದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟು, "ಮಾಸ್ತರ್ರ, ಮೊದಲ ಡಬಲ್ ಸ್ಟ್ಯಾಂಡ್ ಹಾಕ್ರಿ. ಕೋನ್ ಸೆಟ್ ನೋಡೂಣು, ಹಿಂದಿನ ಬುಷ್ ನೋಡೂಣು. ಆಮ್ಯಾಲ ಶಾಕಪ್ಸರ್ ಮಾತು" ಅಂದರು. ನನಗೆ ಕಾಲೇಜಿಗೆ ಹೊತ್ತಾಗುತ್ತಿತ್ತು, ಅದೂ ಒಂದು ನೆಪ. ನಿಜವಾಗಿ ನನಗೆ ಬೇಕಾಗಿದ್ದದ್ದು ಒಪ್ಪಿಗೆ, ತಪಾಸಣೆ ಅಲ್ಲ. "ಇನ್ನೊಮ್ಮೆ ಬರ್ತೀನಿ ಚಾಚಾ" ಎಂದು ಹೊರಟುಬಿಟ್ಟೆ.

ಇನ್ನೊಮ್ಮೆ ಹೋಗಲಿಲ್ಲ. ಗಂಗಾವತಿಯ ಒಂದು ಅಂಗಡಿಯಲ್ಲಿ ಬೇರೆ ಗಾಡಿಗೆಂದು ಮಾಡಿದ ಗ್ಯಾಸ್ ಶಾಕ್ ಅಬ್ಸಾರ್ಬರ್ ಜೋಡಿ ಸಿಕ್ಕಿತು. ಮೂಲದವಕ್ಕಿಂತ ಒಂದೂವರೆ ಇಂಚು ಉದ್ದ. ಅವುಗಳ ತುದಿಯ ಕಣ್ಣು ಕೂಡಲಿಲ್ಲ, ಬುಷ್ ಕೆತ್ತಿಸಿ ಕೂಡಿಸಿದರು. ಹಿಂಭಾಗ ಎತ್ತರಕ್ಕೆ ಎದ್ದು ನಿಂತಿತು. ಅಂಗಡಿಯ ಮುಂದೆ ನಿಂತವರು ಚಲೋ ಕಾಣ್ತೈತಿ ಅಂದರು. ಅವತ್ತು ಡಬಲ್ ಸ್ಟ್ಯಾಂಡ್ ಹಾಕಿದಾಗ ಹಿಂದಿನ ಗಾಲಿ ನೆಲ ಬಿಟ್ಟು ಮೇಲೇಳಲಿಲ್ಲ, ನೆಲಕ್ಕೆ ತಾಗಿಕೊಂಡೇ ನಿಂತಿತು. ನೋಡಿದೆ, ಆದರೆ ಅದಕ್ಕೆ ಅರ್ಥ ಕೊಡಲಿಲ್ಲ. ಸ್ಟ್ಯಾಂಡು ಹಾಕುವುದು ಹಗುರಾಯಿತು ಎಂದು ಖುಷಿಪಟ್ಟೆ. ಗಾಲಿ ನೆಲಕ್ಕೆ ಊರಿರುವ ತನಕ ಅದನ್ನು ಹಿಡಿದು ಅಲ್ಲಾಡಿಸಿ ನೋಡಲು ಬರುವುದಿಲ್ಲ. ಅಂದರೆ ಚಾಚಾ ನೋಡಬೇಕೆಂದದ್ದನ್ನು ನೋಡುವ ದಾರಿಯನ್ನೇ ಮುಚ್ಚಿದ್ದೆ.

ಹಿಂದೆ ಎತ್ತರವಾದ ಮೇಲೆ ಮುಂಭಾಗ ಸೋತಂತೆ ಕಂಡಿತು. ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸುತ್ತಿತ್ತು. ಸರಿ, ಲೇತಿನಲ್ಲಿ ಎರಡು ಕಬ್ಬಿಣದ ಕೊಳವೆ ತುಂಡು ಕೊಯ್ಯಿಸಿ ಮುಂದಿನ ಫೋರ್ಕಿನ ಸ್ಪ್ರಿಂಗುಗಳ ಮೇಲೆ ಕೂಡಿಸಿದೆ, ಸ್ಪ್ರಿಂಗು ಗಟ್ಟಿಯಾಗಲಿ ಎಂದು. ಫೋರ್ಕಿನ ತೆಳು ಎಣ್ಣೆ ಚೆಲ್ಲಿ ದಪ್ಪ ಇಂಜಿನ್ ಆಯಿಲ್ ಹಾಕಿದೆ. ಆಮೇಲೆ ಹ್ಯಾಂಡಲ್ ಸಣ್ಣಗೆ ನಡುಗತೊಡಗಿತು. ಸಡಿಲಾಗಿದೆ ಅಂದುಕೊಂಡು ಸ್ಟೀರಿಂಗಿನ ನಟ್ಟಿಗೆ ಉಳಿ ಕೊಟ್ಟು ಸುತ್ತಿಗೆಯಿಂದ ಬಿಗಿದೆ. ನಡುಕ ನಿಂತಿತು. ಒಂದೊಂದು ಕೆಲಸವೂ ಹಿಂದಿನ ಕೆಲಸ ತಂದ ತೊಂದರೆಗೆ ಉತ್ತರ. ಮೊದಲ ಕೆಲಸ ತಪ್ಪಿರಬಹುದು ಎಂಬ ಪ್ರಶ್ನೆ ಮಾತ್ರ ಯಾವ ಹಂತದಲ್ಲೂ ಏಳಲಿಲ್ಲ.

ಕುಷ್ಟಗಿಯ ಹೊರಗೆ ಹಾದುಹೋಗುವ ನಾಲ್ಕು ಪಥದ ಹೆದ್ದಾರಿಯಲ್ಲಿ ಗಾಡಿ ಓಡಿಸಿ ನೋಡಿದೆ. ಹೊಸಪೇಟೆಯಿಂದ ವಿಜಯಪುರದ ಕಡೆಗೆ ಹೋಗುವ ಆ ರಸ್ತೆ ನುಣ್ಣಗಿದೆ. ಗಾಡಿ ಹಳಿಯ ಮೇಲೆ ಹೋದಂತೆ ಹೋಯಿತು. ಹಿಂಭಾಗ ತೂಗಲಿಲ್ಲ, ಮೂಗು ಮುಗ್ಗರಿಸಲಿಲ್ಲ. ಆ ಸಂಜೆ ಕುಷ್ಟಗಿಯ ಚಹಾದಂಗಡಿಯಲ್ಲಿ ಹಳೆಯ ವಿದ್ಯಾರ್ಥಿಗಳು ಸಿಕ್ಕರು. ಅವರಿಗೆ ನಾನು ಸಸ್ಪೆನ್ಷನ್ ಬಗ್ಗೆ ಪಾಠವೇ ಮಾಡಿದೆ. ಒಬ್ಬ ಹುಡುಗನ ಹತ್ತಿರ ಅವನ ಸೋದರಮಾವನ ಯಮಾಹಾ ಆರ್‌ಎಕ್ಸ್ 100 ಇತ್ತು. ಅವನು ಗಮನ ಕೊಟ್ಟು ಕೇಳಿದ. ನೀನೂ ಹಿಂದೆ ಉದ್ದದವು ಹಾಕಿಸು, ಮುಂದೆ ಕೊಳವೆ ಕೊಡು ಎಂದು ಅಳತೆ ಸಮೇತ ಹೇಳಿಕೊಟ್ಟೆ. ಅವನು ಫೋನಿನಲ್ಲಿ ಬರೆದುಕೊಂಡ. ಈಗ ಇದನ್ನು ಬರೆಯುವಾಗ ಬೀಳುವುದಕ್ಕಿಂತ ಹೆಚ್ಚು ನೋಯುವುದು ಆ ಸಂಜೆ.

ಅವ್ವ ಹುಣ್ಣಿಮೆಗೆ ಹುಲಿಗಿಗೆ ಹೋಗಬೇಕು ಅಂದಳು. ಹುಲಿಗೆಮ್ಮನಿಗೆ ಅವಳು ನಡೆದುಕೊಳ್ಳುವುದು ಹಿಂದಿನಿಂದ ಬಂದದ್ದು. ಹುಣ್ಣಿಮೆಗೆ ಬಸ್ಸುಗಳು ತುಂಬಿ ತುಳುಕುತ್ತವೆ, ಗಾಡಿಯ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂದೆ. ಹೊಸದಾಗಿ ಮಾಡಿಸಿದ ಗಾಡಿಯ ಮೇಲೆ ಅವ್ವನನ್ನು ಕೂರಿಸಬೇಕೆಂಬ ಆಸೆ ನನಗೇ ಹೆಚ್ಚಿತ್ತು. ಎತ್ತರವಾದ ಸೀಟಿಗೆ ಅವಳಿಗೆ ಕಾಲು ಎಟುಕಲಿಲ್ಲ. ಕಟ್ಟೆಯ ಪಕ್ಕ ನಿಲ್ಲಿಸಿ ಹತ್ತಿಸಿಕೊಂಡೆ. "ಭಾಳ ಎತ್ತರ ಮಾಡಿಯಲ್ಲೋ" ಅಂದಳು. ಸೀರೆಯ ಹೆಂಗಸರು ಕೂರುವಂತೆ ಒಂದೇ ಕಡೆ ಕಾಲು ಹಾಕಿ ಕೂತಳು. ಕುಕನೂರಿನ ದಾರಿ ಹಿಡಿದೆವು.

ಹಗುರಕ್ಕೇ ಹೋಗುತ್ತಿದ್ದೆ. ಗಾಡಿ ನೆಟ್ಟಗೆ ಹೋಗುತ್ತಿರಲಿಲ್ಲ, ಹಾವಿನ ಹೆಜ್ಜೆಯಷ್ಟು ಸಣ್ಣಗೆ ಎಡಬಲ ಆಡುತ್ತಿತ್ತು. ಅವ್ವ ಒಂದೇ ಮಗ್ಗುಲಿಗೆ ಕೂತದ್ದಕ್ಕೆ ಹಾಗೆ ಎಂದುಕೊಂಡೆ. ಎದುರಿಗೆ ಮೇವಿನ ಟ್ರ್ಯಾಕ್ಟರ್ ಬಂತು. ದಾರಿ ಬಿಡಲು ಎಡಕ್ಕೆ ಸರಿದೆ. ಅಲ್ಲಿ ಎರೆ ಮಣ್ಣು ಕುಸಿದು ಡಾಂಬರಿನ ಅಂಚು ಒಡೆದು ನಿಂತಿತ್ತು. ಮುಂದಿನ ಗಾಲಿ ಅಂಚಿಗೆ ತಾಗಿತು. ಹ್ಯಾಂಡಲ್ ತುಸು ಬಲಕ್ಕೆ ತಿರುಗಿಸಿದೆ. ಅದು ಒಂದು ಗಳಿಗೆ ತಿರುಗಲಿಲ್ಲ. ಗಟ್ಟಿಯಾಗಿ ತಿರುಗಿಸಿದೆ, ಆಗ ಬೇಕಾದ್ದಕ್ಕಿಂತ ಹೆಚ್ಚು ತಿರುಗಿತು. ಮುಂದಿನ ಗಾಲಿ ಅಂಚಿನಿಂದ ಪುಟಿದು ನೆಲ ಬಿಟ್ಟದ್ದು ಕೈಗೆ ಗೊತ್ತಾಯಿತು. ಕೆಳಗಿಳಿದಾಗ ಅದು ಅಡ್ಡ ಇತ್ತು. ಇಬ್ಬರೂ ರಸ್ತೆ ಬದಿಗೆ ಬಿದ್ದೆವು.

ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಉಡಿಯಲ್ಲಿದ್ದ ಹತ್ತಿ ಅಲ್ಲೇ ಸುರುವಿ ಓಡಿಬಂದರು. ಅವ್ವನನ್ನು ಎಬ್ಬಿಸಿ ಕೂರಿಸಿದರು, ನೀರು ಕುಡಿಸಿದರು. ಅವಳ ಬಲಗೈ ಮಣಿಕಟ್ಟು ಆಗಲೇ ಬಾತಿತ್ತು. ಪೂಜೆಗೆ ತಂದ ಕಾಯಿ ಚೀಲದಿಂದ ಹೊರಬಿದ್ದು ಮಣ್ಣಾಗಿತ್ತು. ಒಬ್ಬಾಕೆ ಅದನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿದಳು. ಟ್ರ್ಯಾಕ್ಟರಿನ ಹಿರಿಯ ಇಳಿದು ಬಂದು ಗಾಡಿ ಎತ್ತಿ ನಿಲ್ಲಿಸಿದ. ಅವನು ಕೇಳಿದ್ದು ಒಂದೇ ಮಾತು: "ಇಷ್ಟ ಹಗೂರಕ ಹೊಂಟಿದ್ರಿ, ಹೆಂಗ ಬಿದ್ರಿ?" ಅದರಲ್ಲಿ ಕುಹಕ ಇರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಜೋರಾಗಿ ಓಡಿಸಿ ಬಿದ್ದಿದ್ದರೆ ಜೋರು ಅನ್ನಬಹುದಿತ್ತು. ಮಳೆ ಇರಲಿಲ್ಲ, ನಾಯಿ ಅಡ್ಡ ಬಂದಿರಲಿಲ್ಲ. ಆ ಹೆಣ್ಣುಮಕ್ಕಳ ನಡುವೆ, ಎತ್ತರಿಸಿದ ಗಾಡಿಯ ಪಕ್ಕ, ನಾನು ಸುಮ್ಮನೆ ನಿಂತಿದ್ದೆ.

ಕೊಪ್ಪಳದ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿದೆ ಎಂದು ಪ್ಲಾಸ್ಟರ್ ಹಾಕಿದರು. ಮನೆಗೆ ನೋಡಲು ಬಂದವರಿಗೆಲ್ಲ ಅವ್ವ, "ರಸ್ತೆ ಸರಿ ಇಲ್ಲ ನೋಡ್ರಿ, ಎಲ್ಲಾ ಅಂಚು ಕಿತ್ತೈತಿ. ಪಾಪ, ಹಗೂರಕ ಹೊಡದಿದ್ದ" ಅನ್ನುತ್ತಿದ್ದಳು. ನಾನು ಅಲ್ಲೇ ಇರುತ್ತಿದ್ದೆ. ರಸ್ತೆ ಸರಿ ಇರಲಿಲ್ಲ ಅನ್ನುವುದು ಸುಳ್ಳಲ್ಲ, ಅದಕ್ಕೇ ಆ ಮಾತಿನ ಹಿಂದೆ ಅವಿತುಕೊಳ್ಳುವುದು ಸುಲಭವಾಗಿತ್ತು. ಅದೇ ರಸ್ತೆಯಲ್ಲಿ, ಅದೇ ಗಾಡಿಯ ಮೇಲೆ, ಅವಳನ್ನೇ ಹಿಂದೆ ಕೂರಿಸಿಕೊಂಡು ಅಪ್ಪ ಎಷ್ಟೋ ವರ್ಷ ಹುಲಿಗಿಗೆ ಹೋಗಿಬಂದಿದ್ದರು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ರೊಟ್ಟಿ ಬಡಿಯಲು ಬಾರದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳು ನನ್ನನ್ನು ಬಂದವರ ಮುಂದೆ ಕಾಯುತ್ತಿದ್ದಳು. ಬಹಳ ದಿನ ನಾನು ಅದನ್ನು ತಿದ್ದಲಿಲ್ಲ.

ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಚಾಚಾನ ಹತ್ತಿರ ಹೋದೆ. ಅವರು ಬೈಯಲಿಲ್ಲ. ಮೊದಲು ಉದ್ದದ ಶಾಕ್ ಅಬ್ಸಾರ್ಬರ್ ಬಿಚ್ಚಿ ಹಳೆಯವನ್ನು ತೂಗುಹಾಕಿದರು, ಡಬಲ್ ಸ್ಟ್ಯಾಂಡ್ ಹಾಕಿದರು. ಈಗ ಹಿಂದಿನ ಗಾಲಿ ನೆಲ ಬಿಟ್ಟಿತು. ಒಂದು ಕೈಯಿಂದ ಚಾಸಿ ಹಿಡಿದು, ಇನ್ನೊಂದರಿಂದ ಗಾಲಿಯನ್ನು ಮಗ್ಗುಲಿಗೆ ಎಳೆದರು. ಟಕ್ ಅಂದಿತು. ದೂಡಿದರು, ಮತ್ತೆ ಟಕ್. "ಕೈ ಹಚ್ರಿ ಮಾಸ್ತರ್ರ" ಅಂದರು. ಹಚ್ಚಿದೆ. ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮ್, ಚಾಸಿಗೆ ಕೂಡುವ ಜಾಗದಲ್ಲಿ ಬುಷ್ ಸವೆದು ಅಲ್ಲಾಡುತ್ತಿತ್ತು. ಅಲ್ಲಿ ಕೂದಲೆಳೆಯಷ್ಟು ಆಟ ಇದ್ದರೆ ಗಾಲಿಯ ಹತ್ತಿರ ಅದು ಹಲವು ಪಟ್ಟಾಗುತ್ತದೆ. ಹಿಂದಿನ ಗಾಲಿ ತನ್ನಷ್ಟಕ್ಕೆ ತಾನು ಗಾಡಿಯನ್ನು ತಿರುಗಿಸುತ್ತಿತ್ತು. ಅಲೆ ರಸ್ತೆಯಲ್ಲಿ ಹಿಂಭಾಗ ಜಾರಿದಂತಾಗುತ್ತಿದ್ದದ್ದು ಅದು.

ಆಮೇಲೆ ಮುಂದಿನ ಗಾಲಿ ಎತ್ತಿ, ಬಿಗಿದ ನಟ್ಟು ಸಡಿಲಿಸಿ, ಹ್ಯಾಂಡಲ್ಲನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ನೆಟ್ಟಗೆ ಬರುವ ಜಾಗದಲ್ಲಿ ಅದು ಒಂದು ಗುಂಡಿಗೆ ಬಿದ್ದಂತೆ ಕೂತುಬಿಟ್ಟಿತು. ಕೋನ್ ಸೆಟ್ ಬಿಚ್ಚಿದಾಗ ಸಣ್ಣ ಉಕ್ಕಿನ ಗುಂಡುಗಳು ಒಣ ಗ್ರೀಸಿನ ಜೊತೆ ತಟ್ಟೆಗೆ ಉದುರಿದವು. ಗುಂಡುಗಳು ಉರುಳುವ ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದರು. ಸುತ್ತಲೂ ಕನ್ನಡಿಯ ಹಾಗಿರಬೇಕಾದ ಉಕ್ಕಿನ ಮೇಲೆ ಗುಂಡು ಕೂತ ಜಾಗದಲ್ಲೆಲ್ಲ ಸಾಲಾಗಿ ಸಣ್ಣ ತೆಗ್ಗು ಬಿದ್ದಿದ್ದವು. ಉಗುರು ಆಡಿಸಿದರೆ ಒಂದೊಂದೂ ತಾಗುತ್ತಿತ್ತು. ವರ್ಷಗಟ್ಟಲೆ ತಿಂದ ಏಟು ಅಲ್ಲಿ ಅಚ್ಚಾಗಿತ್ತು. ತೆಗ್ಗಿನಲ್ಲಿ ಖಟ್ ಅನ್ನುತ್ತಿದ್ದದ್ದು ಫೋರ್ಕಿನ ಸ್ಪ್ರಿಂಗ್ ಅಲ್ಲ, ಈ ಬಟ್ಟಲು. ಅದರ ಮೇಲೆ ನಾನು ಸುತ್ತಿಗೆಯಿಂದ ಬಿಗಿದದ್ದಕ್ಕೆ ಗುಂಡುಗಳು ತೆಗ್ಗಿನಿಂದ ಎದ್ದು ಉರುಳಲು ಆಗದೆ ಹ್ಯಾಂಡಲ್ ಸಿಕ್ಕಿಕೊಳ್ಳುತ್ತಿತ್ತು.

ಚಾಚಾ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಚಕ್ಕಡಿ ಕೀಲು ಸವದ್ರ ಎತ್ತು ಬದಲಿ ಮಾಡ್ತಾರೇನ್ರಿ?" ಅಂದರು. ಅಷ್ಟೇ. ಮತ್ತೆ ಕೆಲಸಕ್ಕೆ ಕೂತರು.

ಬುಷ್ ಮತ್ತು ಕೋನ್ ಸೆಟ್ ಮೈಸೂರಿನಿಂದ ತರಿಸಬೇಕಾಯಿತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಹಳೆ ಜಾವಾ-ಯೆಜ್ಡಿಗಳ ಸಾಮಾನು ಇಟ್ಟುಕೊಂಡವರು ಅಲ್ಲಿ ಇದ್ದಾರೆ. 2022ರ ಆರಂಭದಲ್ಲಿ ಯೆಜ್ಡಿ ಹೆಸರಿನಲ್ಲೇ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು, ಆದರೆ ಅವು ಬೇರೆಯೇ ಗಾಡಿಗಳು. ಸಾಮಾನು ಬರುವ ತನಕ ಗಾಡಿ ಚಾಚಾನ ಅಂಗಡಿಯ ಮೂಲೆಯಲ್ಲಿ ನಿಂತಿತ್ತು, ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬಸ್ಸಿನಲ್ಲಿ ಕೂತು ಯೋಚಿಸಲು ಹೊತ್ತು ಸಿಗುತ್ತಿತ್ತು.

ಕೊಳವೆಯ ವಿಷಯವೇ ನೋಡಿ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ನಾನು ಪ್ರತಿ ವರ್ಷ ಕಲಿಸುತ್ತೇನೆ. ಸ್ಪ್ರಿಂಗಿನ ಬಲ ಎಂದರೆ ಅದರ ಸ್ಥಿರಾಂಕ ಗುಣಿಸು ಅದು ಕುಗ್ಗಿದ ಉದ್ದ. ಸ್ಪ್ರಿಂಗಿನ ಮೇಲೆ ಕೊಳವೆ ಇಟ್ಟು ಮೊದಲೇ ಅದುಮಿದರೆ ಸ್ಥಿರಾಂಕ ಬದಲಾಗುವುದಿಲ್ಲ, ಸ್ಪ್ರಿಂಗು ಗಟ್ಟಿಯಾಗುವುದಿಲ್ಲ. ಗಾಡಿ ನಿಲ್ಲುವ ಎತ್ತರವಷ್ಟೇ ಏರುತ್ತದೆ. ನಾವು ಕೂತಾಗ ಗಾಡಿ ತುಸು ಕುಗ್ಗಬೇಕು. ರಸ್ತೆಗಾಡಿಗಳಲ್ಲಿ ಗಾಲಿ ಒಟ್ಟು ಮೇಲೆ ಕೆಳಗೆ ಆಡುವ ಉದ್ದದ ಸುಮಾರು ಮೂರರಲ್ಲೊಂದು ಪಾಲು ಹೀಗೆ ಕುಗ್ಗಿದರೆ ಸರಿ ಎಂದು ಲೆಕ್ಕ. ಆ ಕುಗ್ಗು ಏಕೆ ಬೇಕೆಂದರೆ, ಮುಂದೆ ತೆಗ್ಗು ಬಂದಾಗ ಗಾಲಿ ಕೆಳಗಿಳಿದು ನೆಲ ಹಿಡಿಯಲು ಅಷ್ಟು ಜಾಗ ಉಳಿದಿರಬೇಕು. ನನ್ನ ಕೊಳವೆ ಆ ಜಾಗವನ್ನೇ ತಿಂದಿತ್ತು. ನುಣ್ಣನೆಯ ಹೆದ್ದಾರಿಯಲ್ಲಿ ಗಾಲಿ ಕೆಳಗಿಳಿಯುವ ಪ್ರಸಂಗವೇ ಇಲ್ಲ, ಅದಕ್ಕೇ ಅಲ್ಲಿ ಗಾಡಿ ಅಷ್ಟು ಚೆನ್ನಾಗಿ ಓಡಿದ್ದು. ಎರೆ ನೆಲದ ರಸ್ತೆಯಲ್ಲಿ ಗಾಲಿ ಗಾಳಿಯಲ್ಲಿ ಉಳಿಯಿತು.

ದಪ್ಪ ಎಣ್ಣೆಯೂ ಹಾಗೇ. ಹಳೆಯ ಫೋರ್ಕಿನೊಳಗೆ ಎಣ್ಣೆ ಸಣ್ಣ ತೂತುಗಳ ಮೂಲಕ ನುಗ್ಗಬೇಕು, ಆ ನುಗ್ಗಾಟವೇ ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದು. ತೂತಿನಲ್ಲಿ ನುಗ್ಗುವ ಎಣ್ಣೆಯ ಪ್ರತಿರೋಧ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಉದ್ದ ಅಲೆಯ ಮೇಲೆ ನಿಧಾನ ಏರಿಳಿಯುವಾಗ ದಪ್ಪ ಎಣ್ಣೆ ಹಿತ ಅನಿಸುತ್ತದೆ. ಒಡೆದ ಅಂಚು ತಟ್ಟನೆ ಗುದ್ದಿದಾಗ ಅದೇ ಎಣ್ಣೆ ಗೋಡೆಯಾಗುತ್ತದೆ, ಗುದ್ದು ನೇರ ಹ್ಯಾಂಡಲ್ಲಿಗೆ ಬರುತ್ತದೆ. ಇನ್ನು ಹಿಂಭಾಗ ಒಂದೂವರೆ ಇಂಚು ಎತ್ತಿದ್ದರಿಂದ ಇಡೀ ಗಾಡಿ ಒಂದೂವರೆ ಡಿಗ್ರಿಯಷ್ಟು ಮುಂದಕ್ಕೆ ವಾಲಿತ್ತು, ಫೋರ್ಕು ಅಷ್ಟರ ಮಟ್ಟಿಗೆ ನೆಟ್ಟಗಾಗಿತ್ತು. ಸ್ಟೀರಿಂಗಿನ ಕಂಬವನ್ನು ಗೆರೆ ಎಳೆದು ನೆಲಕ್ಕೆ ಮುಟ್ಟಿಸಿದರೆ ಅದು ಟೈರು ನೆಲಕ್ಕೆ ತಾಗುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ಗಾಲಿ ತಾನಾಗಿ ನೆಟ್ಟಗೆ ಬರುವುದಕ್ಕೆ ಅದೂ ಒಂದು ಮುಖ್ಯ ಕಾರಣ. ಫೋರ್ಕು ನೆಟ್ಟಗಾದಷ್ಟೂ ಟ್ರೇಲ್ ಕಡಿಮೆ, ಗಾಡಿ ಚಂಚಲ. ಇದೆಲ್ಲ ಒಂದು ಹಾಳೆಯಲ್ಲಿ ಲೆಕ್ಕ ಹಾಕಬಹುದಾದ ವಿಷಯ. ಆ ಹಾಳೆಯನ್ನು ಬಿದ್ದ ಮೇಲೆ ಹಾಕಿದೆ.

ಮೋಟಾರ್‌ಸೈಕಲ್ಲಿನ ಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿ ಇದೆ. 1950ರಲ್ಲಿ ಇಂಗ್ಲೆಂಡಿನ ನಾರ್ಟನ್ ಕಂಪನಿ ತನ್ನ ರೇಸ್ ಗಾಡಿಗಳಿಗೆ ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್ಲೆಸ್ ಸಹೋದರರು ರೂಪಿಸಿದ ಚಾಸಿ ಹಾಕಿತು. ಅದೇ ವರ್ಷ ಜೆಫ್ ಡ್ಯೂಕ್ ಅದರ ಮೇಲೆ ಐಲ್ ಆಫ್ ಮ್ಯಾನಿನ ಸೀನಿಯರ್ ಟಿಟಿ ಗೆದ್ದ. ಆ ಚಾಸಿಗೆ ಫೆದರ್‌ಬೆಡ್ ಎಂದು ಹೆಸರು ಬಂತು, ಗರಿಯ ಹಾಸಿಗೆಯಷ್ಟು ಹಿತ ಎಂದು ಅದನ್ನು ಓಡಿಸಿದವರೇ ಕೊಟ್ಟ ಹೆಸರು. ಆದರೆ ಅದರ ಹಿರಿಮೆ ಬರೀ ಮೆತ್ತನೆಯ ಸ್ಪ್ರಿಂಗಿನದಲ್ಲ. ಜೋಡಿ ಕೊಳವೆಗಳು ಸ್ಟೀರಿಂಗಿನ ತಲೆಯನ್ನೂ ಸ್ವಿಂಗ್ ಆರ್ಮಿನ ಕೀಲನ್ನೂ ಅಲುಗದಂತೆ ಹಿಡಿದಿದ್ದವು. ಆ ಎರಡು ಜಾಗ ಗಟ್ಟಿ ಇದ್ದರೆ ಮಾತ್ರ ಸ್ಪ್ರಿಂಗು, ಎಣ್ಣೆ ತಮ್ಮ ಕೆಲಸ ಮಾಡಲು ಸಾಧ್ಯ. ಚಾಚಾ ಮೊದಲ ದಿನ ನೋಡೋಣ ಅಂದದ್ದು ಅವೇ ಎರಡು ಜಾಗ.

ಸಾಮಾನು ಬಂದ ಮೇಲೆ ಹೊಸ ಬುಷ್ ಕೂತಿತು, ಹೊಸ ಬಟ್ಟಲಿಗೆ ಗ್ರೀಸು ಮೆತ್ತಿ ಗುಂಡುಗಳನ್ನು ಒಂದೊಂದಾಗಿ ಜೋಡಿಸಿದರು. ಫೋರ್ಕಿಗೆ ಹೊಸ ಸೀಲು, ತೆಳು ಎಣ್ಣೆ. ಕೊಳವೆ ತುಂಡುಗಳನ್ನು ತೆಗೆದುಹಾಕಿದರು. ಗಾಲಿಯ ಕಡ್ಡಿಗಳನ್ನು ಬಡಿದು ಸದ್ದು ಕೇಳಿ, ಸಡಿಲಾದವನ್ನು ಬಿಗಿದರು. ಕೊನೆಗೆ ಟೈರಿನ ಮಗ್ಗುಲಲ್ಲಿದ್ದ ನಾಲ್ಕು ಅಂಕಿಗಳನ್ನು ಓದು ಅಂದರು. ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಓದಿ ಗಾಬರಿಯಾದೆ. ಹಲ್ಲು ಚೆನ್ನಾಗೇ ಉಳಿದಿತ್ತು, ರಬ್ಬರು ಮಾತ್ರ ವಯಸ್ಸಾಗಿ ಗಟ್ಟಿಯಾಗಿ ಉಗುರು ಇಳಿಯದಂತಾಗಿತ್ತು. ನೆಲವನ್ನು ಮುಟ್ಟುವ ಏಕೈಕ ವಸ್ತುವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಎರಡೂ ಟೈರು ಬದಲಾಯಿಸಿದೆ. ಅಪ್ಪನ ಹಳೆಯ ಶಾಕ್ ಅಬ್ಸಾರ್ಬರುಗಳನ್ನು ಚಾಚಾ ಕೈಯಲ್ಲಿ ಒತ್ತಿ, ಬಿಟ್ಟು, ಎಣ್ಣೆ ಜಿನುಗಿದೆಯೇ ನೋಡಿ, "ಇವಕ್ಕ ಏನೂ ಆಗಿಲ್ರಿ" ಎಂದು ಮತ್ತೆ ಹಾಕಿದರು. ಬದಲಾಯಿಸಲೇಬೇಕೆಂದು ನಾನು ಹಟ ಹಿಡಿದದ್ದು ಅವನ್ನೇ.

ಗಾಡಿ ತೆಗೆದುಕೊಂಡು ಹೊರಟಾಗ ಭಾನಾಪುರ ದಾಟಿ ಎರೆ ನೆಲದ ಅಲೆ ಶುರುವಾದ ಕಡೆ ಬೇಕೆಂದೇ ಕೈ ಸಡಿಲ ಬಿಟ್ಟು ನೋಡಿದೆ. ಗಾಡಿ ಏರಿತು, ಇಳಿಯಿತು, ದಾರಿ ಬಿಡಲಿಲ್ಲ. ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ: ರಸ್ತೆಯದಲ್ಲ, ನಾನು ಮಾಡಿಸಿದ್ದರದು ಎಂದು. ಅವಳು, "ಗೊತ್ತೈತಿ. ಹತ್ತೂ ಮುಂದನ ಕಾಲು ಎಟುಕಲಿಲ್ಲಲ್ಲ" ಅಂದಳು. ಅವಳ ಮಣಿಕಟ್ಟು ಕೂಡಿತು. ಚಳಿಗಾಲದಲ್ಲಿ ಈಗಲೂ ನೋಯುತ್ತದೆ. ಹುಲಿಗಿಗೆ ಅವಳು ಬಸ್ಸಿನಲ್ಲೇ ಹೋಗುತ್ತಾಳೆ, ಗಾಡಿಯ ಮೇಲೆ ಬಾ ಎಂದು ನಾನೂ ಕರೆದಿಲ್ಲ.

ಕುಷ್ಟಗಿಯ ಹುಡುಗನ ಹತ್ತಿರ ಹೋಗುವುದು ಇದಕ್ಕಿಂತ ಕಷ್ಟವಾಯಿತು. ಅವನು ನನ್ನ ಅಳತೆಯನ್ನೇ ತನ್ನ ಗಾಡಿಗೆ ಹಾಕಿಸಿದ್ದಾನೆ ಎಂದು ಗೊತ್ತಿತ್ತು. ಆರ್‌ಎಕ್ಸ್ 100 ನೂರು ಕಿಲೋ ಆಸುಪಾಸಿನ ಹಗುರ ಗಾಡಿ, ಹನ್ನೊಂದು ಕುದುರೆಯ ಬಲ. ಯೆಜ್ಡಿಗಿಂತ ಬೇಗ ಚಂಚಲವಾಗುತ್ತದೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ತಪ್ಪು ಪಾಠ ಎದುರಿಗೆ ನಿಂತು ಮಾಡಿದ್ದೆ. ಒಂದು ಭಾನುವಾರ ಅವನ ಮನೆಗೆ ಹೋದೆ. ಅಂಗಳದಲ್ಲಿ ಗಾಡಿ ನಿಂತಿತ್ತು. ಹಿಂಭಾಗ ತನ್ನ ಮಾಮೂಲಿ ಎತ್ತರದಲ್ಲೇ ಇತ್ತು.

ನಾನು ಹೇಳಬೇಕಾದ್ದನ್ನು ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ, "ಸರ್, ನಾ ಆಗಲೇ ಬಿಚ್ಚಿಸೀನ್ರಿ. ಹಾಕ್ಸಿದ ವಾರಕ್ಕ ಹ್ಯಾಂಡಲ್ ಅಲ್ಲಾಡಾಕ ಹತ್ತಿತ್ರಿ. ನಿಮಗ ಹೆಂಗ ಹೇಳೂದು ಅಂತ ಸುಮ್ಮನಿದ್ದೆ" ಅಂದ. ಅಂದರೆ ಅವ್ವ ಬೀಳುವುದಕ್ಕೆ ಮೊದಲೇ ಅವನಿಗೆ ಗೊತ್ತಾಗಿತ್ತು. ಆ ನಡುವೆ ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕಾಗಲೂ ನಮಸ್ಕಾರ ಮಾಡಿ ಹೋಗಿದ್ದ. ನಾನು ಅವನ ಗಾಡಿ ಹೇಗಿದೆ ಎಂದು ಕೇಳಿರಲಿಲ್ಲ, ನನ್ನ ಗಾಡಿಯ ಬಗ್ಗೆಯೇ ಹೇಳಿ ಕಳಿಸಿದ್ದೆ.

ಅವನ ಅವ್ವ ಚಹಾ ತಂದಳು. ಕುಡಿದು ನಾವಿಬ್ಬರೂ ಅವನ ಗಾಡಿಯ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಗಾಲಿ ಹಿಡಿದು ಅಲ್ಲಾಡಿಸಿ ನೋಡಿದೆವು. ಆಟ ಇರಲಿಲ್ಲ. ಮುಂದಿನದು ಎತ್ತಿ ಹ್ಯಾಂಡಲ್ ತಿರುಗಿಸಿದೆವು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇತ್ತು, ಹೊಡೆಸಿಕೊಂಡು ಬರುತ್ತೇನೆಂದು ಅವನು ಪೆಟ್ರೋಲ್ ಬಂಕಿನ ಕಡೆ ಹೋದ.